ಹನ್ನೆರಡನೇ ತರಗತಿಯಲ್ಲಿ ಒಂದು ಬಿ ಬಂದರೆ ಕಾಲೇಜು ಕೈತಪ್ಪುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಒಂದೂವರೆ ವರ್ಷದ ಹಿಂದೆ ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿದ್ದೀರಿ. ಮಗಳು ಇಲ್ಲಿ ಹನ್ನೊಂದನೇ ತರಗತಿಗೆ ಸೇರಿ ಈಗ ಸೀನಿಯರ್, ಅಂದರೆ ಹನ್ನೆರಡನೇ ತರಗತಿ. ನವೆಂಬರ್‌ನಲ್ಲಿ ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ ಅರ್ಜಿ ಹಾಕಿದ್ದಾಳೆ, ಹೊಸ ವರ್ಷದ ಹೊತ್ತಿಗೆ ಕೆಲವು ಖಾಸಗಿ ಕಾಲೇಜುಗಳಿಗೂ ಹಾಕಿದ್ದಾಳೆ. ಈಗ ಮೊದಲ ಸೆಮಿಸ್ಟರ್ ಮುಗಿದು ಎಪಿ ಕ್ಯಾಲ್ಕುಲಸ್ ಬಿಸಿಯಲ್ಲಿ, ಅಂದರೆ ಶಾಲೆಯಲ್ಲೇ ಓದುವ ಕಾಲೇಜು ಮಟ್ಟದ ಗಣಿತದಲ್ಲಿ, ಬಿ ಗ್ರೇಡ್ ಬಂದಿದೆ. ಇದರಿಂದ ಎಷ್ಟು ಪೆಟ್ಟು, ಆ ಕೋರ್ಸ್ ಬಿಟ್ಟರೆ ಒಳ್ಳೆಯದಾ ಅಂತ ಕೇಳಿದ್ದೀರಿ.

ಯುಸಿಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಖಾಸಗಿಯವರು ನೋಡುತ್ತಾರೆ, ಆದರೆ ಆ ಒಂದು ಬಿಯಿಂದಲೇ ಬಾಗಿಲು ಮುಚ್ಚುವುದಿಲ್ಲ. ಕೋರ್ಸ್ ಮಾತ್ರ ಬಿಡಬೇಡಿ.

ನಮ್ಮ ತಲೆಯಲ್ಲಿ ಕೂತಿರುವುದು ಸೆಕೆಂಡ್ ಪಿಯುಸಿ ಲೆಕ್ಕ. ಫಸ್ಟ್ ಪಿಯುಸಿಯಲ್ಲಿ ಹೇಗೋ ಪಾಸಾದರೂ ಯಾರೂ ಕೇಳುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಸೆಕೆಂಡ್ ಪಿಯುಸಿ ಅರ್ಧ, ಸಿಇಟಿ ಅರ್ಧ. ಎಲ್ಲ ಕೊನೆಯ ವರ್ಷದ ಮೇಲೆ. ಇಲ್ಲಿ ಅರ್ಜಿ ಹಾಕುವ ಹೊತ್ತಿಗೆ ಕೊನೆಯ ವರ್ಷದ ಗ್ರೇಡ್ ಇನ್ನೂ ಹುಟ್ಟಿಯೇ ಇರುವುದಿಲ್ಲ, ಅಲ್ವಾ? ಹಾಗಾಗಿ ಗ್ರೇಡ್ ಎಷ್ಟು ಅನ್ನುವುದಕ್ಕಿಂತ ಅದು ಯಾವಾಗ ಬಂತು, ಯಾರ ಕಣ್ಣಿಗೆ ಬೀಳುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಯುಸಿ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, ಲೆಕ್ಕ ಹಾಕುವುದು ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡ್‌ಗಳಿಂದ. ಎಸ್ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯನ್ನು ಆಯ್ಕೆಗೆ ಪರಿಗಣಿಸುವುದೇ ಇಲ್ಲ. ಹನ್ನೆರಡನೇ ತರಗತಿಯದ್ದು ಅರ್ಜಿಯಲ್ಲಿ ಕಾಣುವುದು ಕೋರ್ಸ್‌ಗಳ ಹೆಸರು ಮಾತ್ರ. ಅವಳು ಕ್ಯಾಲ್ಕುಲಸ್ ಬಿಸಿಯಂಥ ಕಷ್ಟದ ವಿಷಯ ತೆಗೆದುಕೊಂಡದ್ದರ ಲಾಭ ಆಗಲೇ ಸಿಕ್ಕಿದೆ. ಮೊದಲ ಸೆಮಿಸ್ಟರ್ ಗ್ರೇಡ್ ಕಳಿಸಿ ಅಂತ ಕ್ಯಾಂಪಸ್‌ನವರು ಕೆಲವರನ್ನು ಮಾತ್ರ ಕೇಳಬಹುದು, ಕೇಳಿದರೆ ಕಳಿಸಿ. ಅಂದ ಹಾಗೆ, ಮೈಸೂರಿನ ಹತ್ತನೇ ತರಗತಿಯ ಅಂಕಗಳನ್ನು ಮಾರ್ಕ್ಸ್ ಕಾರ್ಡ್‌ನಲ್ಲಿ ಇದ್ದ ಹಾಗೆಯೇ ತುಂಬಿದ್ದೀರಿ ತಾನೆ? ಅದನ್ನು ನಾವೇ ಎ, ಬಿ ಅಂತ ಬದಲಾಯಿಸಬಾರದು ಎಂಬುದು ಯುಸಿ ನಿಯಮ. ನನಗೆ ಆ ಬಿಗಿಂತ ಇದರ ಚಿಂತೆಯೇ ಜಾಸ್ತಿ.

ಖಾಸಗಿ ಕಾಲೇಜುಗಳ ಕಥೆ ಬೇರೆ. ಶಾಲೆಯ ಕೌನ್ಸೆಲರ್ ಜನವರಿ, ಫೆಬ್ರವರಿ ಹೊತ್ತಿಗೆ ಮಿಡ್‌ಇಯರ್ ರಿಪೋರ್ಟ್, ಅಂದರೆ ಮೊದಲ ಸೆಮಿಸ್ಟರ್‌ನ ಗ್ರೇಡ್‌ಗಳನ್ನು, ಕಳಿಸುತ್ತಾರೆ. ನಿಮ್ಮ ಹಾಗೆ ಹೊಸ ವರ್ಷದ ಹೊತ್ತಿಗೆ ಹಾಕುವ ರೆಗ್ಯುಲರ್ ಡಿಸಿಷನ್ ಅರ್ಜಿಗಳ ಫಲಿತಾಂಶ ಹೆಚ್ಚಿನ ಕಡೆ ಮಾರ್ಚ್ ಕೊನೆಗೆ ಬರುವುದರಿಂದ ಈ ಬಿ ಅವರ ಕಣ್ಣಿಗೆ ಬೀಳುತ್ತದೆ. ಆಗ ಅವರು ನೋಡುವುದು ಇಳಿಜಾರು ಇದೆಯಾ ಅಂತ. ಒಂದೇ ವಿಷಯ, ಅದೂ ಶಾಲೆಯ ಅತಿ ಕಷ್ಟದ ಗಣಿತ, ಉಳಿದದ್ದೆಲ್ಲ ಎ ಅಂದರೆ ಅದು ಇಳಿಜಾರಲ್ಲ. ಮೂರು ವಿಷಯಗಳಲ್ಲಿ ಒಟ್ಟಿಗೆ ಇಳಿದಿದ್ದರೆ ಅಥವಾ ಸಿ ಬಂದಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆ. ಇಂಜಿನಿಯರಿಂಗ್‌ಗೆ ಹಾಕಿದ್ದರೆ ಗಣಿತದ ಗ್ರೇಡನ್ನು ಸ್ವಲ್ಪ ಹೆಚ್ಚೇ ಗಮನಿಸುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲೇ ‘ಅರ್ಲಿ’ ಅರ್ಜಿ ಹಾಕಿ ಡೆಫರ್ ಆದವರಿಗಂತೂ, ಅಂದರೆ ತೀರ್ಮಾನ ಮುಂದಕ್ಕೆ ಹೋದವರಿಗಂತೂ, ಈ ಸೆಮಿಸ್ಟರ್ ಗ್ರೇಡ್‌ಗೆ ತೂಕ ಇದೆ. ನೀವು ಅರ್ಲಿ ಹಾಕಿಲ್ಲ, ಆ ತಲೆನೋವು ಇಲ್ಲ.

ಸ್ಟ್ಯಾನ್‌ಫರ್ಡ್, ಹಾರ್ವರ್ಡ್‌ನಂಥ ಕಡೆ ನೂರು ಜನ ಅರ್ಜಿ ಹಾಕಿದರೆ ಐದು ಜನಕ್ಕೂ ಸೀಟು ಸಿಗುವುದಿಲ್ಲ. ಎಲ್ಲದರಲ್ಲೂ ಎ ಇದ್ದವರೇ ರಾಶಿ ರಾಶಿ ಹೊರಗೆ ಉಳಿಯುತ್ತಾರೆ. ಹೀಗಿರುವಾಗ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಒಂದು ಬಿಯಿಂದ ನಮ್ಮ ಹುಡುಗನಿಗೆ ಸೀಟು ಹೋಯಿತು’ ಅಂದರೆ ನಂಬಬೇಡಿ. ಕಾರಣ ಇದೇ ಅಂತ ಕಾಲೇಜಿನವರು ಯಾರಿಗೂ ಬರೆದು ಕೊಡುವುದಿಲ್ಲ. ಇಂಥ ಭಯದ ಮೇಲೆ ಸಾವಿರಾರು ಡಾಲರ್ ಕೇಳುವ ಕನ್ಸಲ್ಟೆಂಟ್‌ಗಳೂ ಇದ್ದಾರೆ. ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನು ಬಿ ಬಂದದ್ದಕ್ಕೆ ಕಾಲೇಜಿಗೆ ವಿವರಣೆ ಬರೆಯುವುದು ಬೇಡ. ಕಾಯಿಲೆ ಬಿದ್ದಿದ್ದಳು, ಮನೆಯಲ್ಲಿ ಸಾವಾಯಿತು ಅನ್ನುವಂಥದ್ದಿದ್ದರೆ ಕೌನ್ಸೆಲರ್‌ಗೆ ಹೇಳಿ, ಅವರೇ ರಿಪೋರ್ಟ್ ಜೊತೆ ಒಂದು ಮಾತು ಸೇರಿಸುತ್ತಾರೆ. ಕೋರ್ಸ್ ಕಷ್ಟವಿತ್ತು ಅನ್ನುವುದು ಅವರಿಗೂ ಗೊತ್ತು.

ಈಗ ಬಿಡುವ ವಿಷಯ. ಅರ್ಜಿಯಲ್ಲಿ ವರ್ಷಪೂರ್ತಿ ಓದುತ್ತೇನೆ ಅಂತ ಬರೆದ ಕೋರ್ಸನ್ನು ನಡುವೆ ಬಿಟ್ಟರೆ ಯುಸಿಗೂ ಖಾಸಗಿಯವರಿಗೂ ತಿಳಿಸಲೇಬೇಕು. ತಿಳಿಸದೆ ಬಿಟ್ಟು ಕೊನೆಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಶಾಲೆ ಕೊಡುವ ಗ್ರೇಡ್ ಪಟ್ಟಿಯಲ್ಲಿ, ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೇ ಹಿಂದೆ ತೆಗೆದುಕೊಳ್ಳಬಹುದು. ತಿಳಿಸಿದರೂ, ಕಷ್ಟ ಬಂದ ಕೂಡಲೇ ಬಿಟ್ಟಳು ಅನ್ನುವ ಹಾಗೆ ಕಾಣುತ್ತದೆ. ಬಿ ಗ್ರೇಡ್ ಇರುವ ಕ್ಯಾಲ್ಕುಲಸ್ ಬಿಸಿ ಅದಕ್ಕಿಂತ ಎಷ್ಟೋ ಮೇಲು. ಮೇ ತಿಂಗಳ ಎಪಿ ಪರೀಕ್ಷೆ ಬೇರೆ ಇದೆ. ತರಗತಿಯಲ್ಲಿ ಬಿ ತೆಗೆದವರು ಅಲ್ಲಿ ಐದಕ್ಕೆ 5 ತೆಗೆಯುವುದು ಅಪರೂಪವೇನಲ್ಲ. ಯುಸಿಯಲ್ಲಿ 3 ಬಂದರೂ ಕಾಲೇಜು ಕ್ರೆಡಿಟ್ ಸಿಗುತ್ತದೆ. ವಾರಕ್ಕೊಮ್ಮೆ ಟೀಚರ್ ಹತ್ತಿರ ಹೋಗಿ ಸಂಶಯ ಕೇಳಲಿ. ಇಲ್ಲಿ ಹಾಗೆ ಹೋಗುವುದನ್ನು ಯಾರೂ ದಡ್ಡತನ ಅಂದುಕೊಳ್ಳುವುದಿಲ್ಲ.

ಸೀಟು ಬಂದ ಮೇಲೂ ಶರತ್ತು ಇರುತ್ತದೆ. ಯುಸಿಗಳಲ್ಲಿ ಸಾಮಾನ್ಯವಾಗಿ ಹನ್ನೆರಡನೇ ತರಗತಿಯಲ್ಲಿ ಸರಾಸರಿ 3.0, ಅಂದರೆ ಬಿ, ಇರಬೇಕು. ಡಿ, ಎಫ್ ಬರಬಾರದು. ಒಂದೊಂದು ಕ್ಯಾಂಪಸ್‌ನ ಶರತ್ತು ಸ್ವಲ್ಪ ಬೇರೆ, ಅವರ ಪತ್ರವನ್ನು ಪೂರ್ತಿ ಓದಿ. ಮೇ 1ಕ್ಕೆ ಒಪ್ಪಿಗೆ ಕೊಟ್ಟು ಮಕ್ಕಳು ಪುಸ್ತಕ ಮುಚ್ಚಿಬಿಡುತ್ತಾರೆ. ನಿಜವಾಗಿ ಸೀಟು ಕಳೆದುಕೊಳ್ಳುವ ಭಯ ಇರುವುದು ಅಲ್ಲಿ. ಯುಸಿಗೆ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ಹೋಗಬೇಕು. ಜೂನ್‌ನಲ್ಲಿ ಮೈಸೂರಿಗೆ ಹೋಗುವ ಯೋಚನೆ ಇದ್ದರೆ, ವಿಮಾನ ಹತ್ತುವ ಮೊದಲೇ ಶಾಲೆಯ ಆಫೀಸಿನಲ್ಲಿ ರಿಕ್ವೆಸ್ಟ್ ಹಾಕಿಬಿಡಿ. ಬೇಸಿಗೆ ರಜೆಯಲ್ಲಿ ಅಲ್ಲಿ ಫೋನ್ ಎತ್ತುವವರು ಸಿಗುವುದು ಕಷ್ಟ.