ಅಮ್ಮನ ಕಾಯಿಲೆ ನನಗೂ ಬರುತ್ತಾ?

ಪ್ರಶ್ನೆ: ನನಗೆ 23 ವರ್ಷ. ಅಮ್ಮನಿಗೆ ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಮಾನಸಿಕ ಕಾಯಿಲೆ) ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ನಾನು ಹುಟ್ಟಿದ ಕೆಲವು ತಿಂಗಳಿಗೇ ಶುರುವಾಯಿತಂತೆ. ‘ನೀನು ಹುಟ್ಟಿದ ಮೇಲೇ ಅವಳು ಹೀಗಾದದ್ದು’ ಎಂದು ಅಜ್ಜಿ ಆಗಾಗ ಅನ್ನುತ್ತಾರೆ. ಮೊನ್ನೆ ನಿದ್ದೆ ಹತ್ತುವ ಹೊತ್ತಿಗೆ ಯಾರೋ ನನ್ನ ಹೆಸರು ಕರೆದಂತಾಯಿತು. ಆಗಿನಿಂದ ಭಯ. ನನಗೂ ಬರುತ್ತಾ? ಪ್ರೀತಿಸುತ್ತಿರುವ ಹುಡುಗನಿಗೆ ಹೇಳಲೇಬೇಕಾ?

ಉತ್ತರ: ಮೊದಲು ಆ ದನಿಯ ವಿಷಯ. ನಿದ್ದೆಗೆ ಜಾರುವಾಗ ಹೆಸರು ಕರೆದಂತೆ, ಬಾಗಿಲು ತಟ್ಟಿದಂತೆ ಕೇಳಿಸುವುದು ತೀರಾ ಸಾಮಾನ್ಯ. ಯಾವ ಕಾಯಿಲೆಯೂ ಇಲ್ಲದವರಿಗೂ ಆಗುತ್ತದೆ. ಪೂರ್ತಿ ಎಚ್ಚರವಿದ್ದಾಗ, ಮತ್ತೆ ಮತ್ತೆ, ನಿಮ್ಮ ಬಗ್ಗೆಯೇ ಮಾತಾಡುವ ದನಿ ಕೇಳಿಸಿದರೆ ಆ ಮಾತು ಬೇರೆ.

ಇನ್ನು ಅಜ್ಜಿಯ ಮಾತು. ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಪ್ಪತ್ತು ದಾಟಿ ಮೂವತ್ತರ ಆಸುಪಾಸಿನೊಳಗೆ. ಹೆರಿಗೆಯೂ ಬಹಳಷ್ಟು ಸಲ ಅದೇ ವಯಸ್ಸಿನಲ್ಲೇ ಅಲ್ವಾ? ಜೊತೆಗೆ ಬಾಣಂತಿಯ ಹಾರ್ಮೋನು ಏರುಪೇರಾಗುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ. ಒಳಗೆ ಮೊದಲೇ ಆ ಸಾಧ್ಯತೆ ಇದ್ದವರಲ್ಲಿ ಕೆಲವರಿಗೆ ಕಾಯಿಲೆ ಆಗ ತಲೆ ಎತ್ತಬಹುದು. ಅದಕ್ಕೆ ಕೂಸು ಏನು ಮಾಡೀತು? ಒಂದು ಕಾಲದಲ್ಲಿ ವೈದ್ಯರೇ ಇದಕ್ಕೆ ತಾಯಿಯನ್ನು ದೂರುತ್ತಿದ್ದರು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ, ಮಕ್ಕಳಿಗೆ ಸ್ಕಿಜೋಫ್ರೀನಿಯಾ ಬರಿಸುವ ತಾಯಿ ಎಂದೇ ಬರೆದಿದ್ದರು. ಆ ವಾದ ಆಮೇಲೆ ಬಿದ್ದುಹೋಯಿತು. ಅಷ್ಟರೊಳಗೆ ಎಷ್ಟು ತಾಯಂದಿರು ಕಣ್ಣೀರು ಹಾಕಿದರೋ ಪಾಪ. ನಿಮ್ಮ ಮನೆಯಲ್ಲಿ ಅದೇ ದೂರು ತಿರುಗಿ ಮಗಳ ತಲೆಗೆ ಬಂದಿದೆ.

ನಿಮಗೆ ಬರುತ್ತಾ? ಸಾಮಾನ್ಯವಾಗಿ 100 ಜನರಲ್ಲಿ ಸುಮಾರು 1 ಮಂದಿಗೆ ಬರುತ್ತದೆ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಸುಮಾರು 10 ಮಂದಿಗೆ. ಜಾಸ್ತಿಯೇ, ಮುಚ್ಚಿಡುವುದಿಲ್ಲ. ಆದರೆ ಉಳಿದ 90 ಮಂದಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ, ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಎಲ್ಲವೂ ರಕ್ತದಲ್ಲೇ ಇದ್ದಿದ್ದರೆ ಇಬ್ಬರಿಗೂ ಬರಬೇಕಿತ್ತು. ಇದಕ್ಕೆಂದೇ ಒಂದು ಜೀನ್ ಇಲ್ಲ. ನೂರಾರು ಜೀನ್‌ಗಳ ಚೂರುಪಾರು ಪಾಲು, ಹುಟ್ಟುವಾಗಿನ ತೊಂದರೆ, ಬಾಲ್ಯದ ಪೆಟ್ಟು, ನಶೆ, ಹೀಗೆ ಹಲವು ಸೇರಬೇಕು. ಆದ್ದರಿಂದ ಜೀನ್ ಟೆಸ್ಟ್ ಮಾಡಿಸಿದರೆ ಉತ್ತರ ಸಿಗುವುದಿಲ್ಲ. ಸುಮ್ನೆ ದುಡ್ಡು ದಂಡ.

ಕೈಲಿರುವ ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಗಾಂಜಾ ಬೇಡ, ಒಂದು ದಮ್ಮೂ ಬೇಡ. ಮನೆಯಲ್ಲಿ ಈ ಕಾಯಿಲೆ ಇದ್ದವರಿಗೆ ಅದರ ಅಪಾಯ ಹೆಚ್ಚು. ಸರಿಯಾಗಿ ನಿದ್ದೆ ಮಾಡಿ. ವಾರಗಟ್ಟಲೆ ನಿದ್ದೆ ಕೆಟ್ಟರೆ, ಜನರಿಂದ ದೂರ ಸರಿಯುತ್ತಾ ಹೋದರೆ, ಎಲ್ಲರೂ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನಿಸತೊಡಗಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ, ಅಮ್ಮನ ವಿಷಯವನ್ನೂ ತಿಳಿಸಿ. ಬೇಗ ಶುರುಮಾಡಿದ ಚಿಕಿತ್ಸೆಯಿಂದ ಲಾಭ ಜಾಸ್ತಿ.

ಹುಡುಗನಿಗೆ ಹೇಳಿ. ತಪ್ಪೊಪ್ಪಿಗೆಯ ದನಿಯಲ್ಲಿ ಬೇಡ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿ. ನಾಳೆ ಮಕ್ಕಳ ಗತಿಯೇನು ಎಂದು ಅವರು ಕೇಳಿದರೆ, ಇಬ್ಬರೂ ಒಟ್ಟಿಗೆ ಅಮ್ಮನ ವೈದ್ಯರ ಬಳಿ ಹೋಗಿ ಕೇಳಿ.