ಮರ್ಮರ ಯಾರದ್ದು, ಜನರದ್ದಾ ಎಲೆಯದ್ದಾ?

ಮೇಷ್ಟ್ರೇ, ನಮಸ್ಕಾರ. ಹೋದ ಸಂಚಿಕೇಲಿ ನಾವು ‘ಸಭೆಯಲ್ಲಿ ಮರ್ಮರ ಎದ್ದಿತು’ ಅಂತ ಹಾಕಿದ್ದಕ್ಕೆ ‘ಅಲ್ಲಿ ಕೂತಿದ್ದೋರು ಜನಾನಾ, ಅರಳಿ ಎಲೆನಾ’ ಅಂತ ಶಿಡ್ಲಘಟ್ಟದಿಂದ ಕಾರ್ಡ್ ಬರೆದು ಕೇಳಿದೀರಲ್ಲ, ಓದಿ ಆಫೀಸಲ್ಲಿ ಎಲ್ರೂ ನಕ್ವಿ, ಆಮೇಲೆ ಆ ಸಾಲು ಬರೆದೋನು ನಾನೇ ಅಂತ ನೆನಪಾಗಿ ಸುಮ್ನಾದೆ. ಇಂಗ್ಲಿಷ್ ಸುದ್ದೀಲಿದ್ದ ‘ಮರ್ಮರ್’ ಅನ್ನೋದನ್ನ ಹಂಗೇ ಎತ್ತಿ ಇಟ್ಟಿದ್ದು, ತಪ್ಪು ನಂದೇ.

ಮರ್ಮರ ಸಂಸ್ಕೃತದ್ದು. ಅಮರಕೋಶ ಅನ್ನೋ ಹಳೇ ಸಂಸ್ಕೃತ ನಿಘಂಟಲ್ಲಿ ಬಟ್ಟೆ, ಎಲೆಗಳ ಸದ್ದಿಗೆ ಮರ್ಮರ, ಒಡವೆ ಸದ್ದಿಗೆ ಶಿಂಜಿತ ಅಂತ ವಿಂಗಡಿಸಿ ಹೇಳಿದೆ. ಸಭೆಗೆ ನಮ್ಮಲ್ಲಿ ಗುಜುಗುಜು ಇದೆ, ಅದೇ ಜನ ಬಾಗಿಲ ಹಿಂದೆ ನಿಂತು ಗುಟ್ಟು ಮಾತಾಡಿದ್ರೆ ಗುಸುಗುಸು, ಒಬ್ಬರೇ ಬೈಕೊಂಡು ಓಡಾಡಿದ್ರೆ ಗೊಣಗಾಟ (ನಮ್ಮನೇಲಿ ಅದು ನನ್ನ ಖಾತೆ). ಜೇನಿಗೆ ಗುಂಯ್, ಹಳ್ಳದ ನೀರಿಗೆ ಜುಳುಜುಳು.

ಆದ್ರೆ ನಿಮ್ಮೂರಲ್ಲಿ ಮರ್ಮರಕ್ಕೆ ಒಳ್ಳೇ ಜಾಗ ಇದೆ, ರೇಷ್ಮೆ ಹುಳದ ಮನೆ. ಚಿಕ್ಕೋನಿದ್ದಾಗ ಆ ಕಡೆ ನಮ್ಮತ್ತೆ ಮನೇಲಿ ಮಲಗಿದ್ದೆ, ರಾತ್ರಿ ಎಚ್ಚರ ಆದ್ರೆ ಸೋನೆ ಹಿಡಿದಂಗೆ ಸದ್ದು, ಅಂಗಳದಲ್ಲಿ ಹರವಿದ್ದ ರಾಗಿ ನೆನೆಯುತ್ತೆ ಅಂತ ಎದ್ದು ಓಡಿದ್ರೆ ಆಚೆ ಆಕಾಶದ ತುಂಬಾ ನಕ್ಷತ್ರ! ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಹುಳಗಳು ಆಗ ತಾನೆ ಹಾಕಿದ್ದ ಹಿಪ್ಪುನೇರಳೆ ಸೊಪ್ಪು ಮೇಯ್ತಿದ್ವು, ಸಾವಿರಾರು ಬಾಯಿ ಒಟ್ಟಿಗೆ. ಹುಳ ಜನ್ಮದಲ್ಲಿ ತಿನ್ನೋದ್ರಲ್ಲಿ ಬಹುಪಾಲು ಈ ಕೊನೇ ಹಂತದಲ್ಲೇ, ಅದಕ್ಕೇ ಅಷ್ಟು ಸದ್ದು. ಸದ್ಯಕ್ಕೆ ಎಲೆಯದ್ದು, ನಾಳೆ ಸೀರೆ ಆದ್ಮೇಲೆ ಬಟ್ಟೆಯದ್ದು, ಅಮರಕೋಶಕ್ಕೆ ಎರಡೂ ಒಪ್ಪಿಗೆ.

ಇನ್ನು ಮೊಮ್ಮಗಳ ಡಾಕ್ಟ್ರ ರಿಪೋರ್ಟಲ್ಲಿ ‘ಮರ್ಮರ್’ ಅಂತಿದೆ, ಇದೇ ಪದಾನಾ ಅಂದಿದ್ರಿ. ಅದು ಇಂಗ್ಲಿಷ್‌ಗೆ ಲ್ಯಾಟಿನ್ ಕಡೆಯಿಂದ ಬಂದಿದ್ದು, ಎರಡೂ ಸದ್ದನ್ನ ಅನುಕರಿಸಿ ಹುಟ್ಟಿದ ಪದಗಳು. ಎದೇಲಿ ಲಬ್‌ಡಬ್ ಮಧ್ಯೆ ರಕ್ತ ಸುಳಿಸುಳಿಯಾಗಿ ಹರಿದಾಗ ಸ್ಟೆತಾಸ್ಕೋಪಲ್ಲಿ ಸುಯ್ ಅಂತ ಕೇಳುತ್ತಲ್ಲ, ಅದು. ಕವಾಟ ಕಿರಿದಾಗಿದ್ರೆ, ಸೋರ್ತಿದ್ರೆ ಬರುತ್ತೆ, ಏನೂ ತೊಂದ್ರೆ ಇಲ್ಲದ ಮಕ್ಕಳಲ್ಲೂ ಎಷ್ಟೋ ಸಲ ಬರುತ್ತೆ. ಹೆಸರು ನೋಡಿ ಹೆದರ್ಕೋಬೇಡಿ, ಹಂಗಂತ ಡಾಕ್ಟ್ರು ಎಕೋ (ಹೃದಯದ ಸ್ಕ್ಯಾನ್) ಮಾಡ್ಸಿ ಅಂದಿದ್ರೆ ನನ್ನ ಪತ್ರ ನಂಬ್ಕೊಂಡು ಬಿಡಲೂಬೇಡಿ.

ಮುಂದಿನ ಸಂಚಿಕೇಲಿ ‘ಗುಜುಗುಜು’ ಅಂತ ತಿದ್ದುಪಡಿ ಹಾಕ್ತೀವಿ. ಹುಳ ಮೇಯೋ ಸದ್ದಿಗೆ ನಿಮ್ಮ ಕಡೆ ಬೇರೆ ಏನಾದ್ರೂ ಅಂತಾರಾ? ಇದ್ರೆ ಇನ್ನೊಂದು ಕಾರ್ಡ್ ಹಾಕಿ.

– ಸಂ.