ಪರದೆ ಬೆಳ್ಳಗಾಗಿ ಬೀಪ್ ಅಂದ್ರೆ

ಪ್ರಶ್ನೆ: ಸರ್, ಮೊನ್ನೆ ಗೆಳೆಯನ ಮನೇಲಿ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್‌ನ ‘ಲೋನ್‌ಸಮ್ ಕೌಬಾಯ್ಸ್’ ಸಿನಿಮಾ ನೋಡಿದ್ವಿ. ಮಧ್ಯೆ ಮಧ್ಯೆ ಪರದೆ ಬೆಳ್ಳಗೆ ಮಿಂಚ್ತದೆ, ಬೀಪ್ ಅಂತ ಸೌಂಡ್ ಬರ್ತದೆ, ಮಾತು ಅರ್ಧಕ್ಕೇ ಕಟ್. ಕಾಪಿ ಹಾಳಾಗಿತ್ತಾ? ಕಥೆನೂ ತಲೆಗೆ ಹತ್ಲಿಲ್ಲ.
– ಓದುಗರೊಬ್ಬರು, ಶಿರಸಿ

ಉತ್ತರ: ಕಾಪಿ ಸರಿಯಾಗೇ ಇದೆ ಮಾರಾಯ್ರೆ. ಆ ಮಿಂಚು, ಆ ಬೀಪ್ ಎರಡೂ ಸಿನಿಮಾದ್ದೇ, ಅದಕ್ಕೆ ಸ್ಟ್ರೋಬ್ ಕಟ್ ಅಂತಾರೆ. ಶೂಟಿಂಗ್ ನಡೀತಿರುವಾಗ್ಲೇ ಕ್ಯಾಮೆರಾ ಆಫ್ ಮಾಡಿ ತಕ್ಷಣ ಆನ್ ಮಾಡೋದು, ರೀಲು ಮತ್ತೆ ಸ್ಪೀಡ್ ಹಿಡಿಯೋದ್ರೊಳಗೆ ಒಂದೆರಡು ಫ್ರೇಮಿಗೆ ಬೆಳಕು ಜಾಸ್ತಿ ಬಿದ್ದು ಬೆಳ್ಳಗಾಗ್ತದೆ, ಸೌಂಡೂ ಅದೇ ರೀಲಿನ ಅಂಚಲ್ಲಿ ರೆಕಾರ್ಡ್ ಆಗೋದ್ರಿಂದ ಅಲ್ಲೊಂದು ಬೀಪ್. ಬೇರೆಯವರು ಎಡಿಟಿಂಗ್ ಟೇಬಲ್ ಮೇಲೆ ಕತ್ತರಿಸಿ ಅಂಟಿಸಿ ಗುರುತು ಅಳಿಸಿಬಿಡ್ತಾರೆ, ವಾರ್ಹಾಲ್ ಅಲ್ಲೇ ನಿಂತು ಕತ್ತರಿಸಿ ಗುರುತನ್ನೂ ಹಾಗೇ ಬಿಟ್ಟ. ನಂಗೆ ಈ ಸಿನಿಮಾದಲ್ಲಿ ಎಲ್ಲಕ್ಕಿಂತ ಇಷ್ಟ ಇದೇ.

ಕಥೆ ವಿಷಯಕ್ಕೆ ಬಂದ್ರೆ, ನೀವು ಶಿರಸಿಯವರು, ತಾಳಮದ್ದಳೆ ಕೇಳಿ ಬೆಳೆದಿರ್ತೀರಿ. ಪದ್ಯ ಮೊದ್ಲೇ ಇರ್ತದೆ, ಅರ್ಥ ಮಾತ್ರ ಅಲ್ಲೇ ಹುಟ್ಟಬೇಕು, ಎದುರಿನವ ಏನಂದ ಅನ್ನೋದ್ರ ಮೇಲೆ ನಿಮ್ಮ ಮಾತು. ಇಲ್ಲಿ ಪದ್ಯಾನೂ ಇಲ್ಲ! ರೋಮಿಯೋ ಜೂಲಿಯೆಟ್‌ದು ಒಂದು ತೆಳು ಎಳೆ ಹಿಡ್ಕೊಂಡು, 1968ರ ಜನವರಿಯಲ್ಲಿ ವಾರ್ಹಾಲ್‌ನ ನ್ಯೂಯಾರ್ಕಿನ ಗ್ಯಾಂಗ್ ಅರಿಝೋನಾಕ್ಕೆ ಹೋಗಿ, ಹಾಲಿವುಡ್‌ನವರು 1939ರಲ್ಲಿ ಕಟ್ಟಿಸಿದ್ದ ಓಲ್ಡ್ ಟೂಸಾನ್ ಅನ್ನೋ ಸೆಟ್ಟಲ್ಲಿ ಬಾಯಿಗೆ ಬಂದಿದ್ದು ಮಾತಾಡ್ತಾ ನಟಿಸಿದ್ದು. ರಮೋನಾ ಅನ್ನೋ ಪಾತ್ರದಲ್ಲಿ ನಟಿ ವಿವಾ, ಅವಳ ದಾದಿಯಾಗಿ ಟೇಲರ್ ಮೀಡ್ ಅನ್ನೋ ಗಂಡಸು.

ಒಂದು ಸೀನ್ ನೆನಪು ಮಾಡ್ಕೊಳ್ಳಿ. ಕುದುರೆ ಕಟ್ಟೋ ಅಡ್ಡಗಂಬ ಹಿಡ್ಕೊಂಡು ಕೌಬಾಯ್ ವೇಷದ ನಟ ಎರಿಕ್ ಎಮರ್ಸನ್ ಬ್ಯಾಲೆ ನೃತ್ಯದ ಅಭ್ಯಾಸ ತೋರಿಸ್ತಾನೆ, ಬೂಟು ಹಾಕಿದ ಕಾಲನ್ನ ಅಷ್ಟು ಶ್ರದ್ಧೆಯಿಂದ ಬಗ್ಗಿಸ್ತಾನೆ. ಕೌಬಾಯ್ ಅಂದ್ರೆ ಕಲ್ಲಿನಂಥ ಗಂಡಸು ಅಂತ ಹಾಲಿವುಡ್ ಎಷ್ಟೋ ವರ್ಷ ಕಟ್ಟಿದ್ದ ಗೊಂಬೆ ಆ ಗಂಬದ ಹತ್ರ ಸಡಿಲ ಆಗ್ತದೆ, ಗಂಡಿಗೆ ಗಂಡಿನ ಮೇಲಿರೋ ಆಸೆ ಮುಚ್ಚುಮರೆ ಇಲ್ದೆ ಎದುರು ಬರ್ತದೆ. ಇರುಳಿಡೀ ಆಟ ನೋಡಿ ಸ್ತ್ರೀವೇಷಕ್ಕೆ ಕಣ್ಣರಳಿಸಿದ ನಮ್ಮ ಕಡೆಯವರಿಗೆ ವೇಷದೊಳಗಿನ ಈ ಸೊಗಸು ತಿಳೀಬೇಕು.

ಅಮೆರಿಕಕ್ಕೆ ಮಾತ್ರ ಆಗ ಸಹಿಸೋಕೆ ಆಗ್ಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋ ಚಿತ್ರೋತ್ಸವದಲ್ಲಿ ತೋರಿಸಿದಾಗ ಎಫ್‌ಬಿಐನವರು ಕೂತು ನೋಡಿ ವರದಿ ಬರೆದ್ರು. 1969ರ ಆಗಸ್ಟಲ್ಲಿ ಅಟ್ಲಾಂಟಾದಲ್ಲಿ ಪೊಲೀಸರು ಥಿಯೇಟರಿಗೆ ನುಗ್ಗಿ ರೀಲು ಜಪ್ತಿ ಮಾಡಿದ್ದಲ್ದೆ ಟಿಕೆಟ್ ತಗೊಂಡು ಕೂತಿದ್ದವರ ಫೋಟೋನೂ ತೆಗೆದ್ರು. ಸಿನಿಮಾ ನೋಡಿದ್ದಕ್ಕೆ! ಓದಿದಾಗೆಲ್ಲ ಹೊಟ್ಟೆ ಉರೀತದೆ ನಂಗೆ. ಅಲ್ಲಿನ ಸಲಿಂಗಿಗಳು ಸಂಘಟನೆ ಕಟ್ಟೋಕೆ ಆ ದಾಳಿನೂ ಒಂದು ಕಾರಣ ಆಯ್ತು.

ಇನ್ನೊಂದ್ಸಲ ನೋಡಿ. ಈ ಸಲ ಕಥೆ ಹಿಂದೆ ಹೋಗ್ಬೇಡಿ, ಬೀಪ್ ಬಂದಾಗ ಯಾರ ಮಾತು ತುಂಡಾಯ್ತು, ಆಮೇಲೆ ಯಾರ ಮುಖ ಬಂತು ಅಷ್ಟೇ ಗಮನಿಸಿ, ಅಲ್ಲಿ ಕ್ಯಾಮೆರಾ ಹಿಡಿದವನಿಗೆ ಬೇಜಾರಾಯ್ತಾ, ಆಸೆಯಾಯ್ತಾ ಅಂತ ನಿಮಗೇ ಗೊತ್ತಾಗ್ತದೆ.